ಅತ್ತೆಗಿಂತ ಗಟ್ಟಿ ಕಾಫಿ

ವೈಕುಂಠ ಸಮಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುಬೆಳಿಗ್ಗೆ ಹಾಲಿನವನು ಎಂದಿನಂತೆ ಬಂದ. ನಾನು ಎಂದಿನಂತೆ ಡಿಕಾಕ್ಷನ್ ಇಳಿಸಿ ಮೂರು ಲೋಟಕ್ಕೆ ಕಾಫಿ ಬಗ್ಗಿಸಿದೆ. ಆಗ, ಹಿಂದಿನ ರಾತ್ರಿಯಷ್ಟೇ ಆನ್ ಮಾಡಿ ಗೂಡಿನಲ್ಲಿಟ್ಟಿದ್ದ ನನ್ನ ಗಂಡನ ಫೋನು ಸದ್ದು ಮಾಡಿತು.

"ಹಿತಾ, ಸಾರಥಿ ಎದ್ದನೇನೇ?" ಎಂದರು ಅತ್ತೆ ಒಳಗಿನಿಂದ.

ನಾನು ಫೋನು ಕೈಗೆತ್ತಿಕೊಂಡೆ.

ನನ್ನ ಗಂಡ ವಿಜಯಸಾರಥಿ ಅರಸೀಕೆರೆಯಲ್ಲಿ ಬ್ಯಾಂಕ್ ಪರೀಕ್ಷೆಗೆ ಕೂರುವವರಿಗೆ ಇಂಗ್ಲಿಷ್ ಹೇಳಿಕೊಡುತ್ತಿದ್ದರು. ಕುಮಾರಸ್ವಾಮಿಯವರ ಕೊಬ್ಬರಿ ಮಂಡಿಯ ಮಹಡಿಯಲ್ಲಿ ಪಾಠ. ಇವರ ಫೋನು ಒಡೆದಾಗ ಅವರೇ ತಮ್ಮ ಇನ್ನೊಂದು ಫೋನನ್ನು ಬಳಸಲು ಕೊಟ್ಟಿದ್ದರು. ವಿದ್ಯಾರ್ಥಿಗಳ ವಾಟ್ಸಾಪ್ ಗುಂಪಿಗೆ ಬೆಳಿಗ್ಗೆಗೊಂದು ವ್ಯಾಕರಣದ ಪ್ರಶ್ನೆ ತಾನಾಗಿ ಹೋಗುವಂತೆ ಇವರು ಅದರಲ್ಲಿ ಮುಂಚೆಯೇ ಹಾಕಿಡುತ್ತಿದ್ದರು. ವಾಕ್ಯಗಳಲ್ಲಿ ಮನೆಯವರ ಹೆಸರೇ. ನಕ್ಕು ಕಲಿತ ಪಾಠ ಹುಡುಗರಿಗೆ ಮರೆಯುವುದಿಲ್ಲ ಎನ್ನುತ್ತಿದ್ದರು.

ಎರಡು ವಾರದ ಹಿಂದೆ ಬೇಲೂರಿನ ಬಸ್ಸಿನಲ್ಲಿ, ಕಿಟಕಿಗೆ ತಲೆಯಾನಿಸಿ ಕೂತಲ್ಲೇ ತೀರಿಹೋದರು. ಊರು ಬಂತು ಇಳೀರಿ ಎಂದು ಕಂಡಕ್ಟರ್ ಭುಜ ಅಲುಗಿಸಿದಾಗಲೇ ಗೊತ್ತಾದದ್ದು.

ಆ ಬೆಳಿಗ್ಗೆಯ ಇಂಗ್ಲಿಷ್ ಪ್ರಶ್ನೆ ಓದಿದೆ. ಹಿತಾಳ ಕಾಫಿ ಅವಳ ಅತ್ತೆಗಿಂತ ಗಟ್ಟಿ. ತಪ್ಪು ತಿದ್ದಿ.

"ಏನಂತೆ?" ಅತ್ತೆ ಬಾಗಿಲಿಗೆ ಬಂದಿದ್ದರು. ಕನ್ನಡದಲ್ಲಿ ಹೇಳಿದೆ. ಕಾಫಿಯನ್ನು ಕಾಫಿಗೆ ಹೋಲಿಸಬೇಕು, ಮನುಷ್ಯರಿಗಲ್ಲ.

"ತಪ್ಪೆಲ್ಲಿದೆಯೇ? ನಾನೆಲ್ಲಿ ಗಟ್ಟಿ ಈಗ," ಎಂದು ನಕ್ಕರು.

ಆ ಮನೆಯಲ್ಲಿ ಯಾರಾದರೂ ನಕ್ಕು ಬಹಳ ದಿನವಾಗಿತ್ತು. ಫೋನನ್ನು ಚಾರ್ಜಿಗೆ ಹಾಕಿದೆ. ಮರುದಿನವೂ ಹಾಕಿದೆ.

ಸಾರಥಿಯ ಲೋಟ ಹಿತಾಳ ಲೋಟದ ಪಕ್ಕದಲ್ಲಿದೆ, ಅದು ತುಂಬಿದೆ. 'ಅದು' ಎಂದರೆ ಯಾವುದು? ಹೀಗೆ ಬರುತ್ತಿದ್ದವು. ಕಿಟಕಿಯ ಕಟ್ಟೆಯ ಮೇಲೆ ಎರಡು ಲೋಟ ಇದ್ದವು. ನನ್ನದನ್ನು ಕುಡಿದಾಗಿತ್ತು. ಗುಂಪಿನಲ್ಲಿ ಯಾರೂ ಉತ್ತರ ಹಾಕುತ್ತಿರಲಿಲ್ಲ. ಅದೇ ಗುಂಪಿನಲ್ಲಿದ್ದ ಕುಮಾರಸ್ವಾಮಿಯವರ ಮಗಳು ಪ್ರತಿಮಾ ಮಾತ್ರ ನನಗೆ ಫೋನ್ ಮಾಡಿ, "ಅಕ್ಕಾ, ನಿಲ್ಸಕ್ಕಾಗಲ್ವಾ? ನೋಡೋಕೆ ಭಯ ಆಗುತ್ತೆ," ಎಂದಳು. ಆಗಲ್ಲ ಎಂದೆ. ಆಗುತ್ತಿತ್ತು.

ಹಾಕಿಟ್ಟ ಪ್ರಶ್ನೆಗಳು ಒಂದು ದಿನ ಮುಗಿದವು. ತೆರೆದು ನೋಡಿದೆ. ಮುಂದಕ್ಕೆ ಏನೂ ಇರಲಿಲ್ಲ.

ಮರುಬೆಳಿಗ್ಗೆ ಫೋನು ಸದ್ದು ಮಾಡಿತು.

ಸಾರಥಿಯ ತಾಯಿಯ ತಟ್ಟೆ ಹಿತಾಳಿಗಿಂತ ಖಾಲಿ. ತಪ್ಪು ತಿದ್ದಿ.

ಮನಸ್ಸಿನಲ್ಲೇ ತಿದ್ದಲು ಹೊರಟೆ. ತಟ್ಟೆಯನ್ನು ತಟ್ಟೆಗೆ ಹೋಲಿಸಬೇಕು. ಆಮೇಲೆ ಅಡುಗೆಮನೆಗೆ ಹೋದೆ. ಅತ್ತೆಯ ತಟ್ಟೆ ಒರಗಿಸಿಟ್ಟಲ್ಲೇ ಇತ್ತು, ಮೇಲೆ ತೆಳ್ಳಗೆ ಧೂಳು. ನನ್ನ ಗಂಡನ ತಟ್ಟೆಯಲ್ಲಿ ಅತ್ತೆ ಬಡಿಸಿ ಮುಚ್ಚಿಟ್ಟ ನಿನ್ನೆಯ ಅನ್ನವಿತ್ತು.

ನಾನು ಎರಡು ತುತ್ತು ಉಂಡು ಎದ್ದುಬಿಡುತ್ತಿದ್ದೆ. ಅತ್ತೆ ಆಮೇಲೆ ಉಣ್ಣುತ್ತಾರೆ ಎಂದುಕೊಂಡಿದ್ದೆ. ಮಗ ಉಂಡ ಮೇಲೆ ಉಣ್ಣುವುದು ಅವರ ರೂಢಿ. ಅದು ಗೊತ್ತಿದ್ದೂ ನನಗೆ ಹೊಳೆದಿರಲಿಲ್ಲ.

"ಊಟ ಬಿಟ್ಟಿದ್ದೀರಾ ಅತ್ತೆ?"

"ಬಿಡೋದೇನು ಬಂತು? ಫೋನು ಸದ್ದಾಯ್ತಲ್ಲ, ಎದ್ದಿದಾನೆ, ಬರ್ತಾನೆ. ಅವನದಾದ ಮೇಲೆ ನನ್ನದು. ಇವತ್ತೇನು ಬರ್ದಿದಾನೆ?"

"ನಿಮ್ಮ ವಿಷಯ."

"ನನ್ನದಾ!" ಮುಖ ಅರಳಿತು. "ಕರೀತಿದಾನೆ ಕಣೇ." ಪೆಟ್ಟಿಗೆ ತೆಗೆದು ಒಳ್ಳೆಯ ಸೀರೆ ಹುಡುಕತೊಡಗಿದರು. ರವಿಕೆಯ ತೋಳಿನೊಳಗೆ ಅವರ ತೋಳು ಕಡ್ಡಿಯಂತೆ ಆಡುತ್ತಿತ್ತು.

ನಾನು ಇವರ ಜಾಗದಲ್ಲಿ ಕುಳಿತು ಇವರ ತಟ್ಟೆ ಎಳೆದುಕೊಂಡೆ. ಅನ್ನ ಒಣಗಿತ್ತು. ಮಜ್ಜಿಗೆ ಕಲಸಿ, ಒಂದು ಅಗುಳೂ ಬಿಡದೆ ಉಂಡೆ. ಅತ್ತೆ ಸೀರೆ ಹಿಡಿದು ನೋಡುತ್ತ ನಿಂತರು.

"ಅವರದಾಯಿತು," ಎಂದೆ. "ನೀವು ಕೂರಿ."

ಬರಿದಾದ ತಟ್ಟೆಯನ್ನು ತುಂಬ ಹೊತ್ತು ನೋಡಿದರು. ಕೂತರು. ಪಾತ್ರೆಯಲ್ಲಿ ಉಳಿದಿದ್ದ ಅನ್ನ ಬಡಿಸಿದೆ, ಒಂದು ಹಿಡಿ ಉಂಡರು.

ಆದರೆ ನಾಳೆ ಆ ಫೋನು ಮತ್ತೆ ಸದ್ದು ಮಾಡಿದರೆ ಅವರು ಮತ್ತೆ ಕಾಯುತ್ತಾರೆ. ಅದನ್ನು ಆಫ್ ಮಾಡಿ, ಸೆರಗಿನಲ್ಲಿ ಸುತ್ತಿಕೊಂಡು ಮಂಡಿಗೆ ಹೋದೆ.

ಕುಮಾರಸ್ವಾಮಿ ಗಲ್ಲಾದಿಂದ ಎದ್ದುನಿಂತರು. "ಬನ್ನಿ ತಾಯಿ. ಇದುಕ್ಯಾಕೆ ನೀವು ಬರಕ್ಕೋದ್ರಿ? ಮೇಷ್ಟ್ರ ನೆಪ್ಪಿಗೆ ಮನೇಲೇ ಮಡೀಕಳಿ."

"ಬೇಡ. ನಿಮ್ಮ ವಸ್ತು. ಇವರು ಬಳಸಲು ತಂದಿದ್ದು."

ಒಲ್ಲದ ಮನಸ್ಸಿನಿಂದ ತೆಗೆದುಕೊಂಡು ಗಲ್ಲಾದ ಖಾನೆಯಲ್ಲಿಟ್ಟು ಮುಚ್ಚಿದರು. ಕೊಬ್ಬರಿ ಸುರಿಯುತ್ತಿದ್ದ ಆಳು ಕೈ ನಿಲ್ಲಿಸಿದ. ಖಾನೆಯೊಳಗೆ ಸದ್ದಾಗಿತ್ತು.

ಕುಮಾರಸ್ವಾಮಿ ಫೋನು ತೆಗೆದು ತಿರುವಿ ನೋಡಿದರು. "ಆಫ್ ಆಗಿತ್ತಲ್ಲಮ್ಮ ಇದು..." ಕನ್ನಡಕ ಮೇಲಕ್ಕೇರಿಸಿದರು. "ಮೇಷ್ಟ್ರು ಪ್ರಶ್ನೆ ಕಣ್ರಮ್ಮ. ನಿಮ್ಮೆಸ್ರೈತೆ. ಓದ್ಲಾ?"

ಅವರು ಚಾಚಿದ ಕೈಯಲ್ಲಿ ಪರದೆ ಬೆಳಗುತ್ತಿತ್ತು. ಒಂದು ಹೆಜ್ಜೆ ಮುಂದಿಟ್ಟರೆ ಓದಬಹುದಿತ್ತು.

"ಬೇಡ," ಎಂದೆ. "ಅತ್ತೆಗೆ ಅನ್ನಕ್ಕಿಡಬೇಕು."