ಮುದ್ದಯ್ಯನ ಎದೆಯೊಳಕ್ಕೇ ಕೊಟ್ಟ ಔಷಧಿ

ನಮ್ಮ ಮಂಡ್ಯ ಕಡೆ ಯಾರಾದರೂ ಎದೆ ಹಿಡಿದುಕೊಂಡರೆ ಮೊದಲು ಕೇಳುವ ಮಾತು "ವಾಯು ಕಣ್ಲಾ, ಬುಡು" ಎಂದು. ಎರಡನೆಯ ಮಾತು "ಒಂದು ಬರೆ ಎಳೆಸು" ಎಂದು. ಆಸ್ಪತ್ರೆಯ ಮಾತು ಬರುವ ಹೊತ್ತಿಗೆ ಮನುಷ್ಯ ಅರ್ಧ ಇಳಿದುಹೋಗಿರುತ್ತಾನೆ. ನಾನು ಶ್ರೀಮತಿ, ಹನಕೆರೆ ಸುತ್ತಿನ ಹಳ್ಳಿಗಳ ನರ್ಸು. ಈ ಮಾತು ಕೇಳಿ ಕೇಳಿ ನನಗೆ ರೇಗಿಹೋಗಿದೆ. ನನ್ನ ಬೈಗುಳ ಊರಿನವರಿಗೆ ಅಭ್ಯಾಸವಾಗಿದೆ. ಓದುವ ನೀವೂ ಸ್ವಲ್ಪ ಸಹಿಸಿಕೊಳ್ಳಿ.

ಮುದ್ದಯ್ಯನ ವಿಷಯ ಹೇಳುತ್ತೇನೆ. ಐವತ್ತು ದಾಟಿದ ಗಟ್ಟಿ ಆಳು. ಬೀಡಿ ಮುಟ್ಟಿದವನಲ್ಲ. ಹರೆಯದಲ್ಲಿ ಒಬ್ಬ ಗುತ್ತಿಗೆದಾರನ ಜೊತೆ ಊರೂರು ತಿರುಗಿ ಕಾರ್ಖಾನೆಗಳ ಬಾಯ್ಲರಿಗೆ ಹೊದಿಕೆ ಮೆತ್ತುವ ಕೆಲಸ ಮಾಡುತ್ತಿದ್ದ. ಕೊಳವೆಯ ಬಿಸಿ ಹೊರಗೆ ಹೋಗದಿರಲಿ ಎಂದು ಒಂದು ಬಿಳಿ ಪುಡಿಯನ್ನು ನೀರಲ್ಲಿ ಕಲಸಿ ಗೋಡೆಗೆ ಗಾರೆ ಮೆತ್ತಿದ ಹಾಗೆ ಮೆತ್ತುವುದು. ಆ ಕೆಲಸ ಬಿಟ್ಟು ಊರಲ್ಲೇ ಕಬ್ಬು ನೋಡಿಕೊಂಡು ವರ್ಷಗಳೇ ಆಗಿದ್ದವು. ಎಪ್ಪತ್ತೇಳನೇ ಇಸವಿಯ ಬೇಸಗೆಯಲ್ಲಿ ಬಲಗಡೆ ಪಕ್ಕೆ ನೋವು ಶುರುವಾಯಿತು. ಆಮೇಲೆ ಉಸಿರು ಸಾಲದಾಯಿತು.

ನಾನು ಅವರ ಮನೆಗೆ ಹೋದದ್ದು ಸೊಸೆಯ ಬಾಣಂತನ ವಿಚಾರಿಸಲು. ಮುದ್ದಯ್ಯ ಜಗಲಿಯ ಕಂಬಕ್ಕೆ ಒರಗಿಕೊಂಡು ಕೂತಿದ್ದ. ತುಟಿ ಕಪ್ಪಿಟ್ಟಿತ್ತು.

"ಏನಾಯಿತು ಮುದ್ದಯ್ಯ?"

"ಮಲಿಕಂಡ್ರೆ ಉಸ್ರು ಕಟ್ಕತದೆ ಕಣವ್ವ. ಕುಂತೇ ನಿದ್ದೆ ಮಾಡ್ತೀನಿ."

ಪಕ್ಕದಲ್ಲಿ ಅವನ ಹೆಂಡತಿಯ ಅಣ್ಣ ಕರಿಯಯ್ಯ ಕಾಲು ಚಾಚಿಕೊಂಡು ಕೂತಿದ್ದ. ಊರಲ್ಲಿ ಯಾವ ಕಾಯಿಲೆಗೂ ಅವನ ಹತ್ತಿರ ಒಂದು ಕಾರಣ ಸಿದ್ಧ.

"ವಾಯು ಸೇರ್ಕಂಡದೆ ನರ್ಸಮ್ಮ. ಬರೆ ಎಳೆಸಿದ್ದೀನಿ. ಇನ್ನೊಂದಪ ಎಳೆಸುದ್ರೆ ಸರೋಯ್ತದೆ."

ಅಂಗಿ ಎತ್ತಿ ನೋಡಿದೆ. ಪಕ್ಕೆಯ ಮೇಲೆ ಸುಟ್ಟ ಗಾಯ ಇನ್ನೂ ಹಸಿಯಾಗಿತ್ತು. ಬೆನ್ನಿಗೆ ಕಿವಿ ಇಟ್ಟು ಕೇಳಿದೆ. ಎಡಗಡೆ ಉಸಿರಾಡುವ ಸದ್ದು ಇತ್ತು, ಬಲಗಡೆ ಏನೇನೂ ಇಲ್ಲ.

"ಕರಿಯಯ್ಯ, ಮೇಲೆ ಚರ್ಮ ಸುಟ್ಟರೆ ಒಳಗಿರೋದು ವಾಸಿಯಾಗುತ್ತೇನ್ರೀ? ನಿಮಗೇನು ಬುದ್ಧಿಗಿದ್ಧಿ ಇದೆಯೋ ಇಲ್ಲವೋ?"

"ನಮ್ಮಪ್ಪನ ಕಾಲದಿಂದ ಎಳೆಸ್ತಾನೆ ಇದ್ದೀವಲ್ಲ!"

"ಅವರೆಲ್ಲ ಏನಾದರು ಅಂತಲೂ ಹೇಳಿ ಮತ್ತೆ."

ಮುದ್ದಯ್ಯನ ಹೆಂಡತಿ ಚಲುವಮ್ಮ ಒಳಗಿನಿಂದ ಸೆರಗು ಸಿಕ್ಕಿಸಿಕೊಂಡು ಬಂದಳು. "ಅಣ್ಣಯ್ಯ, ನೀನು ಸುಮ್ನಿರು. ನರ್ಸಮ್ಮ, ಎಲ್ಲಿಗೆ ಓಗ್ಬೇಕು ಯೋಳಿ, ಓಯ್ತೀವಿ" ಎಂದಳು.

ಮಂಡ್ಯದಲ್ಲಿ ಎದೆಯ ಎಕ್ಸರೆ ತೆಗೆದರು. ಬಲಗಡೆಯೆಲ್ಲ ನೀರು. ಸೂಜಿ ಹಾಕಿ ತೆಗೆದಾಗ ಕೆಂಪು ನೀರು ಬಂತು. ಮುದ್ದಯ್ಯ ಹಗುರಾಗಿ ಮನೆಗೆ ಬಂದ. ಹದಿನೈದು ದಿನ ಕಳೆಯುವುದರೊಳಗೆ ನೀರು ಮತ್ತೆ ತುಂಬಿಕೊಂಡಿತು. ಕ್ಷಯವಿರಬಹುದೇ ಎಂದು ಕಫ ನೋಡಿದರು, ಕ್ಷಯವೂ ಅಲ್ಲ. ಬೆಂಗಳೂರಿನ ದೊಡ್ಡಾಸ್ಪತ್ರೆಗೆ ಹೋಗಿ ಎಂದರು. ಅಷ್ಟು ದೂರ ಅಂದಕೂಡಲೇ ಮನೆಯವರು ಹೆದರಿದರು. ಹಾಗಾಗಿ ನಾನೂ ಅವರ ಜೊತೆ ರೈಲು ಹತ್ತಿದೆ. ಕರಿಯಯ್ಯನೂ ಬಂದ. ದಾರಿಯುದ್ದಕ್ಕೂ ಗೊಣಗಿಕೊಂಡೇ ಬಂದ, ಆದರೆ ಮುದ್ದಯ್ಯನ ತಲೆ ತನ್ನ ಭುಜದ ಮೇಲಿಂದ ಜಾರದ ಹಾಗೆ ಹಿಡಿದುಕೊಂಡೇ ಕೂತಿದ್ದ.

ಅಲ್ಲಿ ಎದೆಯೊಳಗಿನ ಒಂದು ಚೂರು ತೆಗೆದು ಪರೀಕ್ಷೆ ಮಾಡಿದರು. ಡಾಕ್ಟರ್ ಪಾರ್ಥಸಾರಥಿ ನಮ್ಮನ್ನೆಲ್ಲ ಕೂರಿಸಿಕೊಂಡು ಹೇಳಿದರು.

"ನೋಡಿ ಮುದ್ದಯ್ಯ, ಶ್ವಾಸಕೋಶದ ಮೇಲೆ ತೆಳ್ಳಗೆ ಒಂದು ಪೊರೆ ಇರುತ್ತೆ. ನಿಮಗೆ ಆ ಪೊರೆಗೇ ಕ್ಯಾನ್ಸರ್ ಬಂದಿದೆ. ಒಂದು ಕಡೆ ಗಂಟಾಗಿದ್ದರೆ ಕುಯ್ದು ತೆಗೀತಿದ್ವಿ. ಇದು ಪೊರೆ ತುಂಬ ಹರಡಿಬಿಟ್ಟಿದೆ. ಕುಯ್ಯೋಕಾಗಲ್ಲ."

ಚಲುವಮ್ಮನ ಕೈ ನನ್ನ ಕೈಯನ್ನು ಹುಡುಕಿಕೊಂಡು ಬಂತು. ತಣ್ಣಗಿತ್ತು.

"ವಾಸಿ ಆಯ್ತದಾ ಸ್ವಾಮಿ?" ಎಂದು ಮುದ್ದಯ್ಯನೇ ಕೇಳಿದ.

"ಪೂರ್ತಿ ವಾಸಿಯಾಗುತ್ತೆ ಅಂತ ನಾನು ಹೇಳಿದರೆ ಸುಳ್ಳಾಗುತ್ತೆ. ಆದರೆ ಈಗ ಒಂದು ಔಷಧಿ ಪರೀಕ್ಷೆ ಮಾಡ್ತಾ ಇದ್ದೀವಿ. ಕ್ಯಾನ್ಸರ್ ಔಷಧಿನ ರಕ್ತಕ್ಕೆ ಕೊಟ್ಟರೆ ಮೈಯೆಲ್ಲ ಸುತ್ತುತ್ತೆ, ಬೇಕಾದ ಜಾಗಕ್ಕೆ ಸೇರೋದು ಸ್ವಲ್ಪವೇ. ಅದಕ್ಕೇ ಎದೆಯ ನೀರು ಪೂರ್ತಿ ತೆಗೆದು, ಅದೇ ಜಾಗಕ್ಕೆ ಕೊಳವೆಯಲ್ಲಿ ಔಷಧಿ ಬಿಡ್ತೀವಿ. ಗದ್ದೆಗೆಲ್ಲ ನೀರು ಹಾಯಿಸೋ ಬದಲು ಗಿಡದ ಬುಡಕ್ಕೇ ಹುಯ್ದ ಹಾಗೆ."

ಕರಿಯಯ್ಯ ದಡಕ್ಕನೆ ಎದ್ದ. "ಪರೀಕ್ಸೆ ಅಂದ್ರಾ? ಬಡವ್ರು ಅಂತ ನಮ್ಮ ಭಾವನ ಮೈಮ್ಯಾಲೆ ಕಲಿಯಕ್ಕೆ ನೋಡ್ತೀರಾ?"

ನಾನು ಅವನ ಪಂಚೆ ಹಿಡಿದೆಳೆದು ಕೂರಿಸಲು ಹೋದೆ. ಡಾಕ್ಟರು ಬೇಡವೆಂದರು.

"ಬಿಡಿ ಸಿಸ್ಟರ್, ಕೇಳಬೇಕಾದ್ದನ್ನೇ ಕೇಳ್ತಿದ್ದಾರೆ. ಹೌದು ಕರಿಯಯ್ಯ, ಕಲಿಯೋದಕ್ಕೂ ಹೌದು. ಈ ರೋಗಕ್ಕೆ ಇದು ಎಷ್ಟು ಕೆಲಸ ಮಾಡುತ್ತೆ ಅಂತ ನಮಗೆ ಪೂರ್ತಿ ಗೊತ್ತಿಲ್ಲ. ಗೊತ್ತಿದ್ದಿದ್ದರೆ ಪರೀಕ್ಷೆ ಅನ್ನುತ್ತಲೇ ಇರಲಿಲ್ಲ. ಬಡವರು, ಸಾಹುಕಾರರು ಅಂತ ಭೇದ ಇಲ್ಲ. ಈ ರೋಗ ಬಂದ ಎಲ್ಲರನ್ನೂ ಕೇಳ್ತೀವಿ, ಒಪ್ಪಿದವರಿಗೆ ಮಾತ್ರ ಕೊಡ್ತೀವಿ."

"ಕೊಟ್ರೆ ಏನೇನಾಯ್ತದೆ? ಬಿಡ್ಸಿ ಯೋಳಿ."

"ಜ್ವರ ಬರಬಹುದು, ವಾಂತಿ ಆಗಬಹುದು, ಎದೆ ನೋವು ಜಾಸ್ತಿ ಆಗಬಹುದು. ಅಪರೂಪಕ್ಕೆ ಪ್ರಾಣಕ್ಕೆ ಅಪಾಯವೂ ಆಗಬಹುದು. ಕೆಲವರಿಗೆ ನೀರು ತುಂಬೋದು ನಿಂತಿದೆ. ಕೆಲವರಿಗೆ ಏನೂ ಪ್ರಯೋಜನ ಆಗಲಿಲ್ಲ."

"ಬ್ಯಾಡ ಅಂದ್ರೆ ಈಚೆಗೆ ನೂಕ್ತೀರಾ?"

"ಖಂಡಿತ ಇಲ್ಲ. ಬೇಡ ಅಂದರೂ ನೀರು ತೆಗೀತೀವಿ, ನೋವಿಗೆ ಔಷಧಿ ಕೊಡ್ತೀವಿ. ಇವತ್ತು ಒಪ್ಪಿ ನಾಳೆ ಸಾಕು ಅಂದರೂ ನಿಲ್ಲಿಸ್ತೀವಿ."

ಆ ದಿನ ಕರಿಯಯ್ಯನ ಮೇಲೆ ನನಗೆ ಮೊದಲ ಸಲ ಗೌರವ ಬಂತು. ನಮ್ಮ ಜನ ಡಾಕ್ಟರ ಮುಂದೆ ಕೈಕಟ್ಟಿ ನಿಂತು ಎಲ್ಲಕ್ಕೂ ಹೂಂ ಎನ್ನುತ್ತಾರೆ, ಆಚೆ ಬಂದು ಅನುಮಾನ ಪಡುತ್ತಾರೆ. ಇವನು ಎದುರಿಗೇ ಕೇಳಿದ.

ಆದರೆ ಮುದ್ದಯ್ಯ ತಲೆ ಅಲ್ಲಾಡಿಸಿದ. "ವಾಸಿ ಆಗಲ್ಲ ಅಂದ್ಮ್ಯಾಲೆ ಯಾಕೆ ಸ್ವಾಮಿ ಈ ಪಾಟ್ಲು? ನಾನು ನಮ್ಮೂರ್‌ಗೆ ಓಯ್ತೀನಿ. ನಮ್ಮನೇಲೇ ಸಾಯ್ತೀನಿ."

"ಆಗಲಿ ಮುದ್ದಯ್ಯ, ಬಲವಂತ ಇಲ್ಲ" ಎಂದರು ಡಾಕ್ಟರು. ಆಮೇಲೆ ಬರೆದುಕೊಳ್ಳುತ್ತಾ, "ಬಾಯ್ಲರ್ ಕೆಲಸ ಮಾಡಿದ್ದೆ ಅಂದಿರಲ್ಲ. ಆ ಬಿಳಿ ಪುಡಿ ಎಂಥದ್ದು?" ಎಂದು ಕೇಳಿದರು.

"ಕಲ್ಲಿನ ನಾರು ಅಂತಿದ್ರು ಸ್ವಾಮಿ. ಗೋಣಿಚೀಲದಲ್ಲಿ ಬತ್ತಿತ್ತು. ಸುರಿದ್ರೆ ಒಗೆ ಎದ್ದಂಗೆ ಏಳ್ತಿತ್ತು."

"ಅದೇ ಕಲ್ನಾರು. ಅದರ ಧೂಳು ಕಣ್ಣಿಗೆ ಕಾಣದಷ್ಟು ಸಣ್ಣ. ಉಸಿರಲ್ಲಿ ಒಳಗೆ ಹೋಗಿ ಎದೆಯಲ್ಲೇ ಕೂತುಬಿಡುತ್ತೆ. ಇಪ್ಪತ್ತು, ಮೂವತ್ತು ವರ್ಷ ಆದಮೇಲೂ ಈ ರೋಗ ತರುತ್ತೆ. ಆ ಚೀಲಗಳನ್ನ ಆಮೇಲೆ ಏನು ಮಾಡ್ತಿದ್ದಿರಿ?"

ಇದಕ್ಕೆ ಚಲುವಮ್ಮ ಉತ್ತರ ಕೊಟ್ಟಳು. ಅವಳ ಮುಖದಲ್ಲಿ ಸ್ವಲ್ಪ ಹೆಮ್ಮೆಯೂ ಇತ್ತು.

"ಒಳ್ಳೆ ಗಟ್ಟಿ ಚೀಲ ಸ್ವಾಮಿ, ಎಸೆಯಕ್ಕಾಯ್ತದಾ? ಇವ್ರು ಬರುವಾಗ್ಲೆಲ್ಲ ಒತ್ಕಂಡು ಬರೋರು. ನಾನು ಇತ್ಲಲ್ಲಿ ಕೋಲ್ ತಕ್ಕಂಡು ಬಡ್ದು, ಚೆನ್ನಾಗಿ ಕೊಡವಿ, ರಾಗಿ ತುಂಬೋಕೆ ಇಟ್ಕತಿದ್ದೆ. ಅರ್ದೋದ ಚೀಲನ ಒಲ್ದು, ಮಲಗೋಕೆ ಆಸ್ಕಳಕ್ಕೆ ಮಾಡ್ದೆ. ಇವ್ರ ಬಟ್ಟೆನೂ ಅಂಗೆಯ, ನಾನೇ ಕೊಡವಿ ಒಗೀತಿದ್ದೆ. ಕೊಡವುದ್ರೆ ನಮ್ಮ ತಲೆ ಎಲ್ಲ ಬೆಳ್ಳಗಾಗದು!"

ಡಾಕ್ಟರು ಪೆನ್ನು ಕೆಳಗಿಟ್ಟರು. ಮುದ್ದಯ್ಯ ಅವರ ಮುಖವನ್ನೇ ನೋಡುತ್ತಿದ್ದ.

"ಸ್ವಾಮಿ, ಆ ದೂಳು ಇವ್ಳ ಎದೆಯೊಳಿಕ್ಕೂ ಓಗಿರ್ತದಾ?"

"ಹೋಗಿರಬಹುದು. ಹೋದವರಿಗೆಲ್ಲ ರೋಗ ಬರಲ್ಲ ಮುದ್ದಯ್ಯ. ತುಂಬಾ ಜನಕ್ಕೆ ಬರೋದೇ ಇಲ್ಲ. ಆದರೆ ಬರಲ್ಲ ಅಂತ ಮಾತು ಕೊಡೋಕೂ ನನಗೆ ಆಗಲ್ಲ."

ಮುದ್ದಯ್ಯ ಹೆಂಡತಿಯ ಕಡೆ ತಿರುಗಿದ. ಅಷ್ಟು ದಿನ ತನ್ನ ಸಾವಿಗೆ ಅಳದವನು ಆಗ ಅತ್ತ. ಉಸಿರು ಸಾಲದೆ, ಅಳುವುದಕ್ಕೂ ಒದ್ದಾಡಿದ. "ನಾನೇ ತಂದಾಕ್ದೆನಲ್ಲ ಕಣೇ, ಚಲುವೀ" ಎಂದ. ಚಲುವಮ್ಮ ಅವನ ಬಾಯಿಗೆ ಕೈ ಅಡ್ಡ ಇಟ್ಟು, "ಗೊತ್ತಿದ್ದು ತಂದ್ರಾ? ಬುಡಿ ಅತ್ಲಾಗೆ" ಎಂದಳು. ಅವಳ ಕಣ್ಣಲ್ಲೂ ನೀರು ಸುರಿಯುತ್ತಿತ್ತು.

ಸ್ವಲ್ಪ ಹೊತ್ತಾದ ಮೇಲೆ ಅವನು ಮುಖ ಒರೆಸಿಕೊಂಡು ಡಾಕ್ಟರಿಗೆ ಹೇಳಿದ: "ಸ್ವಾಮಿ, ನನ್ ಮ್ಯಾಲೆ ಪರೀಕ್ಸೆ ಮಾಡಿ. ನಂಗೆ ವಾಸಿ ಆಗ್ದಿದ್ರೆ ಓಗ್ಲಿ. ಆದ್ರೆ ನಾಳೆ ದಿನ ಇವ್ಳು ಬಂದು ನಿಮ್ಮ ಮುಂದೆ ಕುಂತ್ರೆ, ನಮ್ಗೆ ಗೊತ್ತಿಲ್ಲ ಅಂತ ನೀವು ಅನ್ಬಾರ್ದು."

ಒಪ್ಪಿಗೆ ಕಾಗದವನ್ನು ನಾನು ಗಟ್ಟಿಯಾಗಿ ಓದಿದೆ. ಅರ್ಥವಾಗದ ಕಡೆಯಲ್ಲೆಲ್ಲ ಕರಿಯಯ್ಯ ನಿಲ್ಲಿಸಿ ಕೇಳಿದ. ಆಮೇಲೆ ಮುದ್ದಯ್ಯ ಹೆಬ್ಬೆಟ್ಟು ಒತ್ತಿದ.

ಮೊದಲ ಸಲ ಔಷಧಿ ಬಿಟ್ಟಾಗ ಚಳಿಜ್ವರ ಬಂದು ಮಂಚವೇ ಅಲ್ಲಾಡುವ ಹಾಗೆ ನಡುಗಿದ. ತಿಂದದ್ದು ನಿಲ್ಲಲಿಲ್ಲ. ಸಾಕು ಎಂದುಬಿಡಿ ಎಂದು ಚಲುವಮ್ಮ ಅಂಗಲಾಚಿದಳು, ಅವನು ಕೇಳಲಿಲ್ಲ. ಎರಡನೆಯ ಸಲ ಅಷ್ಟು ಕಷ್ಟವಾಗಲಿಲ್ಲ. ತಿಂಗಳು ಕಳೆದು ಎಕ್ಸರೆ ತೆಗೆದರೆ ನೀರು ಬಹಳ ಕಡಿಮೆಯಾಗಿತ್ತು. ಊರಿಗೆ ಬಂದ ಮುದ್ದಯ್ಯ ಚಾಪೆಯ ಮೇಲೆ ಉದ್ದಕ್ಕೆ ಮಲಗಿ ನಿದ್ದೆ ಮಾಡಿದ. ಮೊಮ್ಮಗಳನ್ನು ಎತ್ತಿಕೊಂಡು ಕಬ್ಬಿನ ಗದ್ದೆಯವರೆಗೂ ನಡೆದ.

ಆ ನೆಮ್ಮದಿ ಮುಂದಿನ ವರ್ಷದ ಮಳೆಗಾಲದವರೆಗೆ ಇತ್ತು. ಆಮೇಲೆ ರೋಗ ಮತ್ತೆ ಬಲಿಯಿತು, ಮುದ್ದಯ್ಯ ತೀರಿಕೊಂಡ. ಔಷಧಿಯಿಂದ ಬದುಕಿದ ಎಂದು ಬರೆಯುವ ಆಸೆ ನನಗೂ ಇದೆ. ಆದರೆ ನಿಮಗೆ ಸುಳ್ಳು ಹೇಳಿ ನಂಬಿಸುವುದು ನನಗೆ ಬೇಡ. ಅವನು ಕೊನೆಗಾಲದಲ್ಲಿ ಒಂದಷ್ಟು ತಿಂಗಳು ಮನುಷ್ಯನ ಹಾಗೆ ಉಸಿರಾಡಿದ. ಅವನಿಗೆ ಏನಾಯಿತು, ಎಷ್ಟು ಔಷಧಿಗೆ ಎಷ್ಟು ಗುಣ ಬಂತು ಎನ್ನುವುದು ಆ ಡಾಕ್ಟರಿಗೆ ಈಗ ಗೊತ್ತಿದೆ.

ತಿಥಿ ಮುಗಿದ ಮೇಲೆ ನಾನು ಚಲುವಮ್ಮನನ್ನು ಎಕ್ಸರೆಗೆ ಕರೆದೆ. ಬರುವುದಿಲ್ಲ ಎಂದಳು.

"ಇದ್ರೆ ಇರ್ಲಿ ಬುಡಿ ನರ್ಸಮ್ಮ. ಗೊತ್ತಾಗಿ ಏನ್ ಆಗ್ಬೇಕಾಗದೆ? ಅವ್ರೇ ಓದ್ರು."

ನಾನು ಬೈದೆ, ಬೇಡಿಕೊಂಡೆ. ಅವಳು ಜಪ್ಪಯ್ಯ ಎನ್ನಲಿಲ್ಲ. ಆಗ ಕರಿಯಯ್ಯ ತಂಗಿಯ ಎದುರಿಗೆ ಬಂದು ಕೂತ. ಅದೇ ಬರೆ ಎಳೆಸುವ ಕರಿಯಯ್ಯ.

"ನೋಡವ್ವ, ಭಾವ ಆ ನಡುಕ, ಆ ವಾಂತಿ ಎಲ್ಲನೂ ತಡ್ಕಂಡಿದ್ದು ಯಾರ್‌ಗೋಸ್ಕರ? ನಿನಗೋಸ್ಕರ ಕಣವ್ವ. ನೀನು ಇಲ್ಲೇ ಕುಂತ್ರೆ ಅವ್ನು ಪಟ್ಟಿದ್ದೆಲ್ಲ ನೀರಾಗೆ ಓಯ್ತದೆ. ಏಳು. ನಾನೂ ಬತ್ತೀನಿ."

ಚಲುವಮ್ಮ ಸೆರಗಲ್ಲಿ ಮುಖ ಮುಚ್ಚಿಕೊಂಡು ಗೋಳೋ ಎಂದು ಅತ್ತಳು. ಅತ್ತು ಮುಗಿಸಿ, ಎದ್ದು, ಸೀರೆ ಬದಲಾಯಿಸಿಕೊಂಡು ಬಂದಳು. ಅವಳ ಎಕ್ಸರೆಯಲ್ಲಿ ಸದ್ಯಕ್ಕೆ ಏನೂ ಕಾಣಲಿಲ್ಲ. ವರ್ಷ ವರ್ಷವೂ ತೋರಿಸಬೇಕು ಎಂದಿದ್ದಾರೆ, ತೋರಿಸುತ್ತಿದ್ದಾಳೆ.

ಅಕ್ಕಂದಿರೇ, ಅಣ್ಣಂದಿರೇ, ಮದ್ದೂರು, ಮಳವಳ್ಳಿ, ಮಂಡ್ಯದ ಹಳ್ಳಿಗಳಿಂದ ಇಂಥ ಕೆಲಸಕ್ಕೆ ಹೋದವರು ಇನ್ನೂ ಇದ್ದಾರೆ. ನಿಮ್ಮ ಮನೆಯಲ್ಲಿ ಕಲ್ನಾರಿನ ಪುಡಿ ಬಂದ ಚೀಲವಿದ್ದರೆ ಬಡಿಯಬೇಡಿ, ಕೊಡವಬೇಡಿ, ಸುಡಲೂ ಬೇಡಿ. ನೀರು ಹುಯ್ದು ನೆನೆಸಿ, ಆಳವಾದ ಗುಂಡಿ ತೋಡಿ ಮುಚ್ಚಿ. ಕಲ್ನಾರಿನ ಕೆಲಸ ಮಾಡುವವರು ಕೆಲಸದ ಜಾಗದಲ್ಲೇ ಸ್ನಾನ ಮಾಡಿ, ಬಟ್ಟೆ ಬದಲಾಯಿಸಿ ಮನೆಗೆ ಬನ್ನಿ. ಆ ಬಟ್ಟೆಯನ್ನು ಒಣಗಿದ್ದಾಗ ಯಾರೂ ಕೊಡವಬಾರದು, ಮಕ್ಕಳ ಬಟ್ಟೆಯ ಜೊತೆ ಒಗೆಯಬಾರದು. ಎದೆ ನೋವು, ಉಸಿರು ಕಟ್ಟುವುದು ಶುರುವಾದರೆ ಬರೆ ಎಳೆಯುವವನ ಮನೆಗೆ ಹೋಗಬೇಡಿ, ತಡಮಾಡದೆ ಆಸ್ಪತ್ರೆಗೆ ಹೋಗಿ, ಹಿಂದೆ ಏನು ಕೆಲಸ ಮಾಡಿದ್ದಿರಿ ಎಂದು ಡಾಕ್ಟರಿಗೆ ತಪ್ಪದೆ ಹೇಳಿ. ಹೊಸ ಔಷಧಿ ಪರೀಕ್ಷೆ ಎಂದರೆ ಕರಿಯಯ್ಯನ ಹಾಗೆ ಎದುರಿಗೇ ಕೇಳಿ. ಉತ್ತರ ಸಿಗುವ ತನಕ ಹೆಬ್ಬೆಟ್ಟು ಒತ್ತಬೇಡಿ. ಸರಿಯಾದ ಉತ್ತರ ಸಿಕ್ಕಿದರೆ ಸುಮ್ಮಸುಮ್ಮನೆ ಹೆದರಿ ಓಡಿಬರಲೂ ಬೇಡಿ.

ಹೋಗಲು ಧೈರ್ಯ ಸಾಲದವರು ನನ್ನ ಹತ್ತಿರ ಬನ್ನಿ, ನಾನೇ ಕರೆದುಕೊಂಡು ಹೋಗುತ್ತೇನೆ. ಚಲುವಮ್ಮನೂ ಜೊತೆಗೆ ಬರುತ್ತಾಳೆ. ಮುದ್ದಯ್ಯ ಅವಳಿಗಾಗಿ ಒತ್ತಿದ ಹೆಬ್ಬೆಟ್ಟು ನಿಮಗೂ ಸೇರಿದ್ದು ಎಂದು ಅವಳೇ ಹೇಳುತ್ತಾಳೆ, ಕೇಳಿಸಿಕೊಳ್ಳಿ.