ಇನ್ನೂ ಹಸಿರಾಗದ ಕಣ್ಣುಗಳು

ಮಗಳ ಮದುವೆಯ ಹಾಸಿಗೆಯ ಮೇಲೆ ಬಿಡಬೇಕಾದ ಬೆಕ್ಕುಗಳನ್ನು ಸಾಯ್‌ಬುವ ತನ್ನೂರು ಫಿಮಾಯಿಯಿಂದ ಕೋರಾಟ್ ಪೇಟೆಯ ಗಂಡಿನ ಮನೆಗೆ ಬಿದಿರಿನ ಬುಟ್ಟಿಯಲ್ಲಿ ತಂದಳು. ಒಂದು ಗಂಡು, ಒಂದು ಹೆಣ್ಣು. ಎರಡಕ್ಕೂ ಹನ್ನೊಂದು ತಿಂಗಳು. ಮಳೆ ಕಟ್ಟಿದ ಆಕಾಶದ ಬಣ್ಣ. ಹುಡುಕಿದರೂ ಮೈಮೇಲೆ ಒಂದು ಬಿಳಿ ಕೂದಲಿಲ್ಲ. ಅವುಗಳ ತಾಯಿ ಬೆಕ್ಕು ಮೇಕ್ ಕರೆಯದೆ ಜೊತೆಗೆ ಬಂದಿದ್ದಳು. ಎಂಟು ವರ್ಷದ ಮೇಕ್, ಸಾಯ್‌ಬುವ ಮನೆಯಲ್ಲಿಲ್ಲದಿದ್ದರೆ ಮೀನನ್ನೂ ಮುಟ್ಟುವವಳಲ್ಲ.

ಗಂಡಿನ ಮನೆಯ ಕೋಣೆಯಲ್ಲಿ ಹಾಸಿಗೆ ಹಾಸಲು ಥೊಂಗ್‌ಯಿಪ್ ಅಜ್ಜಿಯನ್ನೂ ಅವಳ ಗಂಡನನ್ನೂ ಕರೆಸಿದ್ದರು. ನಲವತ್ತು ವರ್ಷ ಜಗಳವಾಡದೆ ಬಾಳಿದ ಜೋಡಿ, ಅಥವಾ ಊರು ಹಾಗೆ ನಂಬಿತ್ತು. ಅಜ್ಜಿ ಹೊದಿಕೆ ನೀವಿ, ಅದರ ಮೇಲೆ ಶುಭಕ್ಕೆಂದು ಬೂದುಗುಂಬಳ, ಅರೆಯುವ ಕಲ್ಲು, ಭತ್ತ, ಎಳ್ಳು ಇಟ್ಟಳು. ಬೆಕ್ಕು ಬಿಡುವುದೊಂದೇ ಉಳಿದಿತ್ತು. ಹಾಸಿಗೆ ಏರಿದ್ದು ಆ ಮನೆಯಲ್ಲೇ ಉಳಿಯಬೇಕು, ಹಿಂದಕ್ಕೆ ಒಯ್ಯುವಂತಿಲ್ಲ.

ಮದುಮಗನ ಸೋದರತ್ತೆ ಒರಥಾಯಿ ಬಗ್ಗಿ ಹೆಣ್ಣುಮರಿಯ ಗದ್ದ ಎತ್ತಿ ನೋಡಿದಳು. ಅವಳ ಮನೆಯಲ್ಲೂ ಮದುವೆಗೆ ಶುಭವೆನ್ನುವ ಬೂದಿ ಬಣ್ಣದ ಜಾತಿಯ ಬೆಕ್ಕು, ಸೀ-ಸವಾತ್, ಒಂದಿತ್ತು. ಬ್ಯಾಂಕಾಕಿನಿಂದ ತಂದದ್ದು, ಅದರ ವಂಶದ ಕಾಗದಕ್ಕೆ ಗಾಜು ಹಾಕಿಸಿ ಗೋಡೆಗೆ ತೂಗುಹಾಕಿದ್ದಳು.

"ಬೀಗರೇ, ತಪ್ಪು ತಿಳ್ಕೋಬೇಡಿ. ಬೂದಿ ಬಣ್ಣ ಇದ್ದದ್ದೆಲ್ಲಾ ಸೀ-ಸವಾತ್ ಆಗಲ್ಲ. ಕಣ್ಣು ನೋಡಿ, ಅರಿಸಿನ. ಹಸಿರಿರಬೇಕು. ಇವಕ್ಕೆ ಕಾಗದ ಇದೆಯಾ?"

ಕೋಣೆಯಲ್ಲಿದ್ದ ಹೆಂಗಸರು ಮರಿಗಳ ಕಣ್ಣು ನೋಡಲು ಕತ್ತು ಚಾಚಿದರು. ಮಗಳು ರಂಪೈ ತಲೆ ತಗ್ಗಿಸಿದಳು. ಕಲಬೆರಕೆ ಬೆಕ್ಕು ತಂದವರ ಮಗಳು ಎಂಬ ಮಾತು ಒಮ್ಮೆ ಅಂಟಿದರೆ ಈ ಮನೆಯಲ್ಲಿ ಅದನ್ನು ತೊಳೆಯುವುದು ಕಷ್ಟ.

"ಕಾಗದ ಇಲ್ಲ ಅಕ್ಕ. ಮದುವೆಗಳಿವೆ," ಎಂದಳು ಸಾಯ್‌ಬುವ.

ಆಮೇಲೆ ಅವಳು ಹೇಳುತ್ತ ಹೋದಳು. ಮುತ್ತಜ್ಜಿ ಚೋಕ್‌ಚಾಯಿ ಊರಿನಿಂದ ಮದುವೆಯಾಗಿ ಬರುವಾಗ ಎತ್ತಿನ ಗಾಡಿಯಲ್ಲಿ ಬಂದ ಜೋಡಿ, ಅದರ ಮರಿಗಳೊಂದಿಗೆ ಗಂಡನ ಮನೆ ಸೇರಿದ ಅಜ್ಜಿಯ ತಂಗಿಯರು, ತಾಯಿ, ಅಕ್ಕ, ತಾನು. ಒಟ್ಟು ಒಂಬತ್ತು ಮದುವೆ. ಹೆಣ್ಣಿನ ಹೆಸರು, ಊರು, ಬೆಕ್ಕು. ಎಲ್ಲೂ ತಡವರಿಸಲಿಲ್ಲ.

ಒರಥಾಯಿ ಕೇಳಿಸಿಕೊಂಡಳು, ಒಪ್ಪಲಿಲ್ಲ. ಸಾಯ್‌ಬುವಳ ಹೆಗಲ ಮೇಲಿದ್ದ ಮೇಕ್‌ಳನ್ನು ತೋರಿಸಿದಳು. ಮೇಕ್‌ಳ ಕಣ್ಣು ಎಳೆ ಭತ್ತದ ಪೈರಿನ ಹಸಿರು.

"ಇದು ಅಸಲಿ. ಇದನ್ನೇ ಬಿಡಿ. ಯಾರೂ ತುಟಿ ಬಿಚ್ಚಲ್ಲ."

ಮುಹೂರ್ತ ಮೀರುತ್ತಿತ್ತು. ಸಾಯ್‌ಬುವ ಮೇಕ್‌ಳನ್ನು ಹೆಗಲಿನಿಂದ ಇಳಿಸಿ ಹಾಸಿಗೆಯ ಅಂಚಿನವರೆಗೆ ಒಯ್ದಳು. ಬಿಟ್ಟುಬಿಟ್ಟರೆ ಎಲ್ಲರ ಬಾಯಿ ಮುಚ್ಚುತ್ತಿತ್ತು. ಮೇಕ್ ಕೊಸರಾಡಲಿಲ್ಲ, ಮುಂಗಾಲೆರಡನ್ನೂ ಅವಳ ಕತ್ತಿಗೆ ಹಾಕಿದಳು. ಇವಳನ್ನು ಬಿಟ್ಟರೆ ಮರಿಗಳು ಸುಳ್ಳೆಂದು ತಾನೇ ಒಪ್ಪಿದಂತೆ. ಆ ಒಂಬತ್ತು ಹೆಣ್ಣುಮಕ್ಕಳೂ ಸುಳ್ಳಾದಂತೆ.

ಅವಳು ಮೇಕ್‌ಳನ್ನು ಮತ್ತೆ ಹೆಗಲಿಗೇರಿಸಿಕೊಂಡಳು. ಎರಡು ಮರಿಗಳನ್ನೂ ಒಂದೊಂದಾಗಿ ಎತ್ತಿ ಹಾಸಿಗೆಯ ನಡುವೆ ಬಿಟ್ಟಳು.

"ನೀವು ಬಲಿತದ್ದನ್ನ ತಂದಿರಬೇಕು ಅಕ್ಕ, ಮರಿಯಿಂದ ಸಾಕಿಲ್ಲ. ಈ ಜಾತಿಗೆ ಕಣ್ಣು ಹಸಿರಾಗಕ್ಕೆ ಎರಡು ವರ್ಷ ಬೇಕು, ಕೆಲವಕ್ಕೆ ನಾಕು. ಇವಳದ್ದೂ ಮೊದಲು ಅರಿಸಿನಾನೇ ಇತ್ತು. ನಾವು ಕಾಯ್ತೀವಿ."

"ಹೀಚುಕಾಯಿ ನೋಡಿ ಇದು ಮಾವಲ್ಲ ಅಂದಂಗಾಯ್ತು," ಎಂದಳು ಥೊಂಗ್‌ಯಿಪ್ ಅಜ್ಜಿ, ಎಳ್ಳಿನ ತಟ್ಟೆ ಸರಿಪಡಿಸುತ್ತ. ಹೆಂಗಸರು ನಕ್ಕರು. ರಂಪೈ ತಲೆ ಎತ್ತಿದಳು.

ಅಷ್ಟರಲ್ಲಿ ಅಂಗಳದಲ್ಲಿ ಉದ್ದಡೋಲು ಬಡಿಯತೊಡಗಿದರು. ಹೆಣ್ಣುಮರಿ ಕಿವಿ ಮಡಚಿ, ಅಷ್ಟು ಜನರನ್ನು ದಾಟಿ, ನೇರ ರಂಪೈಯ ಮಡಿಲು ಸೇರಿತು. ಗಂಡು ಕದಲಲಿಲ್ಲ, ದಿಂಬಿನ ಮೇಲೆ ಕೂತು ಬಂದವರನ್ನೆಲ್ಲ ನೋಡಿತು.

ಒರಥಾಯಿ ರಂಪೈಯ ಮಡಿಲಲ್ಲಿದ್ದ ಮರಿಯನ್ನೇ ನೋಡಿದಳು. ತನ್ನ ಬೆಕ್ಕೂ ಪಟಾಕಿ ಸದ್ದಿಗೆ ತನ್ನ ಕಂಕುಳಿಗೇ ಬಂದು ತೂರುತ್ತದೆ, ಬೇರೆ ಯಾರ ಹತ್ತಿರವೂ ಹೋಗುವುದಿಲ್ಲ ಎಂದು ಮೆಲ್ಲಗೆ ಹೇಳಿದಳು. ಊಟವಾದ ಮೇಲೆ ಬಂದು, ಮೇಕ್‌ಳ ಮುಂದಿನ ಸೂಲಿನಲ್ಲಿ ಒಂದು ಮರಿಗೆ ಎಷ್ಟಾಗುತ್ತದೆಂದು ಕೇಳಿದಳು.

"ಮಾರಲ್ಲ ಅಕ್ಕ. ಮದುವೆಗೆ ಕೊಡ್ತೀವಿ."

"ನನಗೆ ಐವತ್ತೆಂಟು. ಇನ್ಯಾವ ಮದುವೆ?"

"ಗಂಡು ನೋಡ್ಲಾ?" ಎಂದಳು ಅಜ್ಜಿ.

ಹೊರಡುವಾಗ ಒರಥಾಯಿ, ವಯಸ್ಸಿನಲ್ಲಿ ಹಿರಿಯಳಾದರೂ, ತಾನೇ ಮೊದಲು ಕೈಮುಗಿದಳು. ಕಿರಿಯರು ಮೊದಲು ಕೈಮುಗಿಯುವುದು ಪದ್ಧತಿ. ಸಾಯ್‌ಬುವಳ ಎರಡು ಕೈ ತುಂಬ ಮೇಕ್ ಇದ್ದಳು. ಅವಳು ಬೆಕ್ಕನ್ನು ಕೆಳಗಿಳಿಸಲಿಲ್ಲ, ತಲೆಯನ್ನಷ್ಟೇ ಬಾಗಿಸಿದಳು.