ಹಿಂದಿನ ಎಡಸೀಟು

ಭಾಂಡುಪ್ ಸ್ಟೇಷನ್ನಿನ ಹತ್ತಿರ ಸಣ್ಣದೊಂದು ಹೋಟೆಲು, ಅದನ್ನು ನಡೆಸುವ ಒಬ್ಬನೇ ಮಗ ತಿಲಕ್, ತೀರಿಕೊಂಡ ಗಂಡ ಬಿಟ್ಟುಹೋದ ಒಂದು ಹಳೆಯ ಬಿಳಿ ಕಾರು. ಚಂಪಕ್ಕನ ಸಂಸಾರವೆಂದರೆ ಇಷ್ಟೇ. ಆಮೇಲೆ ಹರಿಣಿ ಅಂತ ಒಬ್ಬಳು ಬಂದು ಸೇರಿಕೊಂಡಳು. ಸೇರಿಕೊಂಡಳು ಎನ್ನುವುದು ಚಂಪಕ್ಕನ ಮಾತು. ಸಾಂತಾಕ್ರೂಜಿಗೆ ಹೋಗಿ, ಜಾತಕ ಕೂಡಿಸಿ, ಮಲ್ಲಿಗೆ ಮುಡಿಸಿ ಸೊಸೆಯನ್ನು ಕರೆತಂದವಳು ಅವಳೇ.

ಅಷ್ಟು ವರ್ಷ ಬಾಗಿಲಲ್ಲೇ "ಅಮ್ಮಾ" ಎಂದು ಕೂಗಿ ಚಪ್ಪಲಿ ಬಿಡುತ್ತಿದ್ದ ಮಗ, ಮದುವೆಯಾದ ಮೇಲೆ ಮೊದಲು ಅಡುಗೆಮನೆಗೆ ಇಣುಕತೊಡಗಿದ. ಹರಿಣಿಯ ತಪ್ಪು ಅಂತ ಹುಡುಕಿದರೆ ಇಷ್ಟೇ ಸಿಗುವುದು. ಆದರೆ ಚಂಪಕ್ಕನಿಗೆ ಇದು ಗಂಟಲಲ್ಲಿ ಸಿಕ್ಕಿದ ಮೀನಿನ ಮುಳ್ಳಾಯಿತು.

ಕಾರಿನ ಕಾಯಿಲೆ ಶುರುವಾದದ್ದೂ ಆ ದಿನಗಳಲ್ಲೇ. ಚೆನ್ನಾಗಿ ಓಡುತ್ತಿದ್ದ ಗಾಡಿ ನಡುರಸ್ತೆಯಲ್ಲಿ ಇದ್ದಕ್ಕಿದ್ದಂತೆ ಬಂದ್. ತಿಲಕ್ ಕೀ ತಿರುಗಿಸಿ ತಿರುಗಿಸಿ ಬೆವರುವನು, ಹಿಂದಿನವರು ಹಾರ್ನ್ ಹೊಡೆದು ತಲೆ ತಿನ್ನುವರು. ಮುಂದಿನ ಸೀಟು ಗಂಡನ ಕಾಲದಿಂದಲೂ ಚಂಪಕ್ಕನದು, ಹಿಂದೆ ಬಲಗಡೆ ಹೋಟೆಲಿನ ತರಕಾರಿ ಕ್ರೇಟು, ಎಡಗಡೆ ಹರಿಣಿ. ತಳ್ಳೋಣವೆಂದು ಪಾಪದವಳು ಸೆರಗು ಸಿಕ್ಕಿಸಿಕೊಂಡು ಇಳಿಯುವಳು. ಅವಳು ಇಳಿದದ್ದೇ ತಡ, ಗಾಡಿ ಸ್ಟಾರ್ಟ್! ಮತ್ತೆ ಹತ್ತಿ ಕುಳಿತರೆ ಮುಂದಿನ ಹೊಂಡದಲ್ಲಿ ಮತ್ತೆ ಬಂದ್.

ಚೆಂಬೂರಿನ ಮದುವೆಯೊಂದಕ್ಕೆ ಹೋಗುವಾಗಲೂ ಹೀಗೇ ಆಯಿತು. ಮುಹೂರ್ತ ತಪ್ಪುತ್ತದೆಂದು ಚಂಪಕ್ಕ ಸೊಸೆಯನ್ನು ಹೈವೇ ಬದಿಯಲ್ಲೇ ಬಿಟ್ಟು, "ನೀನು ರಿಕ್ಷಾದಲ್ಲಿ ಬಾ" ಎಂದು ಮಗನನ್ನು ಹೊರಡಿಸಿದಳು. ಕಾರು ಚೆಂಬೂರಿನವರೆಗೆ ಎಲ್ಲೂ ನಿಲ್ಲಲಿಲ್ಲ. ಮದುವೆಯೂಟದಲ್ಲಿ ಪಂಕ್ತಿಯುದ್ದಕ್ಕೂ ಚಂಪಕ್ಕ ಬಡಿಸಿದ್ದು ಇದನ್ನೇ.

"ನನ್ನ ಸೊಸೆಯ ಕಾಲ್ಗುಣ ನೋಡಿ ಮಾರಾಯ್ರೆ! ಇಳಿದ್ರೆ ಗಾಡಿ ಓಡ್ತದೆ, ಹತ್ತಿದ್ರೆ ನಿಲ್ತದೆ."

ಮೊದಮೊದಲು ತಿಲಕ್ ನಕ್ಕ. ಆಮೇಲೆ ಹೋಟೆಲಿನ ಗ್ರೈಂಡರ್ ಸುಟ್ಟುಹೋಯಿತು, ಅಡುಗೆಯ ಭಟ್ಟರು ಹೇಳದೆ ಕೇಳದೆ ಊರಿಗೆ ಹೋದರು. ಎರಡೂ ಹರಿಣಿಯ ತಲೆಗೇ ಬಂತು. ತಿಲಕ್ ನಗುವುದನ್ನು ಬಿಟ್ಟ.

"ಸ್ವಲ್ಪ ದಿನ ತವರಲ್ಲಿ ಇರ್ಲಿ ಅವಳು" ಎಂದಳು ಚಂಪಕ್ಕ ಒಂದು ದಿನ ಊಟದ ಹೊತ್ತಿಗೆ. ಆ ಸ್ವಲ್ಪ ದಿನಕ್ಕೆ ಕೊನೆಯಿಲ್ಲವೆಂದು ಮೂವರಿಗೂ ಗೊತ್ತಿತ್ತು. ತಿಲಕ್ ಬಟ್ಟಲು ನೋಡುತ್ತ ಕುಳಿತ. ಗಂಡಸು! ಬಾಯಿ ಬಿಟ್ಟದ್ದು ಹರಿಣಿಯೇ.

"ಅತ್ತೆ, ನಾನು ಯಾವಾಗ್ಲೂ ಕೂರುವುದು ಒಂದೇ ಜಾಗದಲ್ಲಿ. ಒಮ್ಮೆ ನೀವು ಅಲ್ಲಿ ಕೂತು ನೋಡಿ. ನಿಮಗೂ ನಿಂತ್ರೆ ತಪ್ಪು ಗಾಡಿಯದ್ದು. ನಿಲ್ಲದಿದ್ರೆ ನಾನಾಗಿಯೇ ಹೋಗ್ತೇನೆ."

ತಿಲಕನ ಮುಖ ಅರಳಿತು. "ಹೌದಮ್ಮ, ಅದು ಸರಿ. ಆದಿತ್ಯವಾರ ನೋಡಿಯೇ ಬಿಡುವ."

ಚಂಪಕ್ಕ ಒಪ್ಪಿದಳು. ಆದರೆ ಪರೀಕ್ಷೆಗೆ ಮೊದಲೇ ಪೇಪರು ನೋಡಿಕೊಳ್ಳುವ ಬುದ್ಧಿ ಅವಳದು. ಶನಿವಾರ ಕಾರು ಮತ್ತೆ ಗ್ಯಾರೇಜಿನಲ್ಲಿತ್ತು. ಮಗನಿಗೆ ಹೇಳದೆ ಅಲ್ಲಿಗೆ ಹೋದಳು. ಮೆಕ್ಯಾನಿಕ್ ಕುತುಬುದ್ದೀನ ವಿಜಯಪುರದ ಕಡೆಯವನು, ಅವಳ ಗಂಡನ ಕಾಲದಿಂದ ಆ ಕಾರಿಗೆ ಅವನೇ ವೈದ್ಯ.

"ಪ್ಲಗ್ ಬದಲಿ ಮಾಡೀನಿ, ಬ್ಯಾಟರಿ ನೋಡೀನಿ, ಪೊವಾಯಿ ತನಕಾ ಗಾಡಿ ಹೊಡಕೊಂಡು ಬಂದೀನ್ರಿ ಅಮ್ಮಾರ" ಎಂದು ಅವನು ತಲೆ ಕೆರೆದುಕೊಂಡ. "ನನ್ನ ಕೈಯಾಗ ಒಮ್ಮೆನೂ ನಿಲ್ಲವಲ್ದು."

"ನಾನು ಹಿಂದೆ ಕೂರ್ತೇನೆ. ಒಂದು ರೌಂಡು ಹೋಗು ನೋಡುವ."

ಹಿಂದೆ, ಎಡಗಡೆ, ಚಂಪಕ್ಕ ಕುಳಿತಳು. ಗ್ಯಾರೇಜಿನ ಗಲ್ಲಿ ದಾಟಿ ಮೊದಲನೆಯ ಹೊಂಡಕ್ಕೆ ಚಕ್ರ ಇಳಿಯಿತೋ ಇಲ್ಲವೋ, ಗಾಡಿ ಬಂದ್. ಕೀ ತಿರುಗಿಸಿದರೂ ಇಲ್ಲ. ಸಿಟ್ಟಿನಲ್ಲಿ ಚಂಪಕ್ಕ ಇಳಿದಳು. ಸ್ಟಾರ್ಟ್!

"ಅಮ್ಮಾರ, ಮತ್ತ ಕೂಡ್ರಿ!" ಕುತುಬುದ್ದೀನನಿಗೆ ಖುಷಿಯೋ ಖುಷಿ. "ಸ್ವಲ್ಪ ಅಳ್ಳಾಡ್ರಿ. ನಿಂತ್ತು! ಈಗ ಇಳೀರಿ. ಬಂತು ನೋಡ್ರಿ!" ನಡುಬೀದಿಯಲ್ಲಿ ಅವಳನ್ನು ಕೂರಿಸಿ, ಇಳಿಸಿ, ಮತ್ತೆ ಕೂರಿಸಿ ಸುಸ್ತು ಮಾಡಿದ. ಆಮೇಲೆ ಸೀಟನ್ನೇ ಎತ್ತಿದ. "ಹಿಂಗೈತ್ರಿ ಕತಿ. ಪೆಟ್ರೋಲ್ ಪಂಪಿನ ವೈರ್ ಈ ಸೀಟಿನ ಬುಡಕ ಹೋಗತೈತಿ. ಕ್ಲಿಪ್ಪು ಬಿಚ್ಚೈತಿ. ಮ್ಯಾಲ ಮಂದಿ ಕುಂತ್ರ ಒತ್ತತೈತಿ, ಪೆಟ್ರೋಲ್ ಬಂದ್. ಎದ್ರ ಚಾಲೂ. ನಾ ಒಬ್ಬನ ಹೊಡದ್ರ ನನಗ ಹ್ಯಾಂಗ ಗೊತ್ತಾಗಬೇಕು?"

ಹೈವೇ ಬದಿಯಲ್ಲಿ ರೇಷ್ಮೆ ಸೀರೆಯುಟ್ಟು, ಧೂಳು ಕುಡಿಯುತ್ತ ನಿಂತಿದ್ದ ಹುಡುಗಿ ಚಂಪಕ್ಕನಿಗೆ ನೆನಪಾದಳು. ಎದೆ ಚುರ್ರೆಂದಿತು. ಸುಳ್ಳು ಹೇಳಬಾರದು, ನಿಜವಾಗಿಯೂ ಚುರ್ರೆಂದಿತು. ಆದರೆ ಅದರ ಬೆನ್ನಿಗೇ ಅಡುಗೆಮನೆಗೆ ಇಣುಕುವ ಮಗನ ಮುಖವೂ ಕಂಡಿತು.

"ಈಗಲೇ ಸರಿ ಮಾಡು" ಎಂದಳು. "ತಿಲಕನಿಗೆ ನೀನು ಹೇಳುವುದು ಬೇಡ. ನಾನೇ ಹೇಳ್ತೇನೆ."

ಹಳೆಯ ಯಜಮಾನರ ಹೆಂಡತಿಯ ಮಾತು. ಕುತುಬುದ್ದೀನ ಹೊಸ ವೈರು ಹಾಕಿದ. "ಇನ್ನ ಆನಿ ಕುಂತ್ರೂ ನಿಲ್ಲಂಗಿಲ್ಲರಿ."

ಈ ಸಲವೂ ಕಾಯಿಲೆ ಸಿಗಲಿಲ್ಲವೆಂದೇ ತಿಳಿದು ತಿಲಕ್ ಕಾರನ್ನು ಮನೆಗೆ ತಂದ. ಆದಿತ್ಯವಾರ ಬೆಳಿಗ್ಗೆ ಹರಿಣಿ ತಾನೇ ತರಕಾರಿ ಕ್ರೇಟು ಇಳಿಸಿ, ಅತ್ತೆಯ ಸೊಂಟಕ್ಕೆ ನೋವಾಗದಿರಲೆಂದು ಸೀಟಿನ ಮೇಲೆ ಟವೆಲು ಮಡಚಿ ಹಾಸಿದಳು. ಎಷ್ಟೋ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆಯಿತ್ತು. ಗಾಡಿ ನಿಂತೇ ನಿಲ್ಲುತ್ತದೆಂದು ಅವಳಿಗೆ ಅಷ್ಟು ನಂಬಿಕೆ. ಬಿಲ್ಡಿಂಗಿನ ಗೇಟಿನಲ್ಲಿ ನಿಂತು ಕೈ ಬೀಸಿದಳು.

ತಿಲಕ್ ಮುಲುಂಡಿನವರೆಗೆ ಒಂದು ಹೊಂಡವನ್ನೂ ಬಿಡಲಿಲ್ಲ. ಬೇಕೆಂದೇ ಇಳಿಸಿದ, ಬೇಕೆಂದೇ ಬ್ರೇಕು ಹೊಡೆದ. ನಿಲ್ಲು, ನಿಲ್ಲು ಎಂದು ಅವನ ತುಟಿ ಅಲುಗುವುದು ಕನ್ನಡಿಯಲ್ಲಿ ಚಂಪಕ್ಕನಿಗೆ ಕಾಣುತ್ತಿತ್ತು. ಕಂಡೂ ಅವಳು ಮೆತ್ತನೆಯ ಟವೆಲಿನ ಮೇಲೆ ಕಿಟಕಿಯ ಗಾಳಿ ತೆಗೆದುಕೊಳ್ಳುತ್ತ ಕುಳಿತಿದ್ದಳು.

ತಿರುಗಿ ಬಂದಾಗ ಹರಿಣಿ ಇನ್ನೂ ಗೇಟಿನಲ್ಲೇ ಇದ್ದಳು. "ಎಲ್ಲಿ ನಿಂತಿತು?" ಎಂದು ಓಡಿಬಂದಳು.

"ನಿಲ್ಲಲಿಲ್ಲ" ಎಂದ ತಿಲಕ್, ಸ್ಟಿಯರಿಂಗಿನಿಂದ ಕೈ ತೆಗೆಯದೆ.

ಹರಿಣಿ ಕೊಟ್ಟ ಮಾತಿನವಳು. ಮೇಲೆ ಹೋಗಿ ಬ್ಯಾಗು ಹಿಡಿದು ಇಳಿದು ಬಂದಳು. ತಿಲಕ್‌ಗೆ ಅಷ್ಟಾದರೂ ಮನುಷ್ಯತ್ವ ಉಳಿದಿತ್ತೇನೋ, ಕಾರಿನ ಬಾಗಿಲು ತೆಗೆದು, "ಬಾ, ಸಾಂತಾಕ್ರೂಜಿಗೆ ನಾನೇ ಬಿಡ್ತೇನೆ" ಎಂದ.

ಇದನ್ನು ಚಂಪಕ್ಕ ಯೋಚಿಸಿಯೇ ಇರಲಿಲ್ಲ. ಇವಳು ಕುಳಿತು, ಗಾಡಿ ಎಲ್ಲೂ ನಿಲ್ಲದೆ ಹೋಗಿಬಿಟ್ಟರೆ?

ಹರಿಣಿ ಬಾಗಿಲ ಹತ್ತಿರ ಬಂದಳು. ಸೀಟಿನ ಮೇಲೆ ಇನ್ನೂ ಇದ್ದ ಟವೆಲನ್ನು ನೋಡಿದಳು. ಆಮೇಲೆ ತಾನೇ ಬಾಗಿಲು ಮುಚ್ಚಿದಳು.

"ಬೇಡ. ನಾನು ಕೂತ್ರೆ ಅರ್ಧ ದಾರಿಯಲ್ಲಿ ನಿಲ್ತದೆ. ನಿಮಗೇ ಕಷ್ಟ. ಲೋಕಲ್ ರೈಲಿನಲ್ಲಿ ಹೋಗ್ತೇನೆ."

ಮತ್ತೆ ಬ್ಯಾಗನ್ನು ನೆಲಕ್ಕಿಟ್ಟು, ಬಗ್ಗಿ ಅತ್ತೆಯ ಕಾಲು ಮುಟ್ಟಿದಳು. "ನಿಮ್ಮ ಮಾತಿನ ಮೇಲೆ ಅನುಮಾನಪಟ್ಟೆ. ತಪ್ಪಾಯ್ತು ಅತ್ತೆ. ನನ್ನಿಂದಲೇ ಅಂತ ನನಗೆ ನಿಜವಾಗಿ ಗೊತ್ತಿರ್ಲಿಲ್ಲ."

ಚಂಪಕ್ಕ ಅವಳ ತಲೆಯ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡು ಮಗಾ, ಬೇಕೂಂತ ಮಾಡಿದ್ದಾ ನೀನು?" ಎಂದು ಸಮಾಧಾನ ಮಾಡಿದಳು.